ನಿಂತಾಗಲೂ ಉರಿಯುವ ಡೂಮು: ರಾಯಚೂರಿನ ಒಂದು ಹಳೆಯ ಸೈಕಲ್ ದೀಪದ ಪ್ರಕರಣ

ಕಾಕಾ ಹೇಳಿದ್ದು ಒಂದೇ ಮಾತು: "ಮಾಸ್ತರೇ, ಸೈಕಲ್ ನಿಂತ ಕೂಡಲೇ ದೀಪ ಆರಿಹೋಗುತ್ತದೆ. ನನಗೆ ಬೆಳಕು ಬೇಕಾಗುವುದೇ ನಿಂತಾಗ."

ಕಾಕಾ ನಮ್ಮ ಓಣಿಗೆ ಪತ್ರಿಕೆ ಹಾಕುವವರು. ವಯಸ್ಸು ಅರವತ್ತು ದಾಟಿದೆ. ನಸುಕಿನ ನಾಲ್ಕಕ್ಕೆ ಸ್ಟೇಷನ್ ರಸ್ತೆಯಲ್ಲಿ ಕಟ್ಟು ಬಿಚ್ಚಿ, ಎಣಿಸಿ, ಪುರವಣಿ ಸೇರಿಸಿ, ಕ್ಯಾರಿಯರಿಗೆ ಬಿಗಿದುಕೊಂಡು ಹೊರಟರೆ ತೀನ್ ಕಂದೀಲ್ ಕಡೆಯ ಗಲ್ಲಿಗಳಲ್ಲಿ ನೂರನಲವತ್ತು ಮನೆ. ಪ್ರತಿ ಮನೆಯ ಮುಂದೆ ಕಾಲೂರಿ ನಿಲ್ಲಬೇಕು, ಕನ್ನಡವೋ ಇಂಗ್ಲಿಷೋ ಉರ್ದುವೋ ನೋಡಿ ಎಳೆಯಬೇಕು, ಚರಂಡಿಯ ಮುರಿದ ಚಪ್ಪಡಿ ತಪ್ಪಿಸಿ ಗೇಟಿನ ತನಕ ಹೋಗಬೇಕು. ಡೈನಮೋ ದೀಪ ಚಕ್ರ ತಿರುಗಿದರೆ ಮಾತ್ರ ಉರಿಯುವಂಥದ್ದು. ತೀನ್ ಕಂದೀಲ್ ಎಂದರೆ ಮೂರು ಲಾಂದ್ರ. ಆ ಹೆಸರಿನ ವೃತ್ತದ ಬಗಲಲ್ಲೇ ಕಾಕಾ ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪತ್ರಿಕೆ ಹುಡುಕುತ್ತಿದ್ದರು.

ಅಂಗಡಿಯಲ್ಲಿ ಚಾರ್ಜ್ ಮಾಡುವ ಪುಟ್ಟ ಸೈಕಲ್ ದೀಪಗಳು ಸಿಗುತ್ತವಲ್ಲ ಎಂದೆ. ಎರಡು ಕೊಂಡಿದ್ದರಂತೆ. ಮೂರನೆಯ ಮಹಡಿಗೆ ಪತ್ರಿಕೆ ಕೊಟ್ಟು ಇಳಿದು ಬರುವಷ್ಟರಲ್ಲಿ ಎರಡೂ ಕೈಬಿಟ್ಟವು. ರಬ್ಬರ್ ಪಟ್ಟಿಯಲ್ಲಿ ಸಿಕ್ಕಿಸುವ ದೀಪವನ್ನು ಕೀಳಲು ಕಳ್ಳನಿಗೆ ಸ್ಪ್ಯಾನರ್ ಬೇಕಿಲ್ಲ. ಹಳೆಯ ಡೂಮು, ಅಂದರೆ ಸೈಕಲ್ಲಿನ ಮುಂದಿನ ದುಂಡು ದೀಪ, ಮಾತ್ರ ಬೋಲ್ಟಿನಲ್ಲಿ ಕುಳಿತಿದೆ. ಅದನ್ನು ಯಾರೂ ಮುಟ್ಟಿಲ್ಲ.

ಆ ಡೂಮು ಅವರ ತಂದೆಯ ಸೈಕಲ್ಲಿನದು. ಬರ್ಮಿಂಗ್‌ಹ್ಯಾಮ್‌ನ ಮಿಲ್ಲರ್ ಕಂಪನಿಯದು ಎಂದು ನೆತ್ತಿಯ ಮೇಲೆ ಉಬ್ಬಕ್ಷರದಲ್ಲಿದೆ. ಮೂರಂಗುಲ ಗಾಜು, ಸುತ್ತ ಕ್ರೋಮಿನ ಉಂಗುರ, ಬೆನ್ನಿನಲ್ಲಿ ಪುಟ್ಟ ತಿರುಗುವ ಸ್ವಿಚ್ಚು. ಕಾಕಾ ಹಾಕಿದ ಷರತ್ತು ಒಂದೇ: "ತೂತು ಹೊಡೆಯಬಾರದು. ಬೇಡವೆನಿಸಿದರೆ ನಾಳೆ ಮೊದಲಿದ್ದಂತೆ ಆಗಬೇಕು." ಐಟಿಐಯಲ್ಲಿ ಮೂವತ್ತು ವರ್ಷ ವೈರಿಂಗ್ ಕಲಿಸಿದ ನನಗೆ ಇದು ಎರಡು ಗಂಟೆಯ ಕೆಲಸ ಅನಿಸಿತ್ತು. ಏಪ್ರಿಲಿನಲ್ಲಿ ಕೈಹಚ್ಚಿದ್ದು ಜೂನಿನಲ್ಲಿ ಒಂದು ಹದಕ್ಕೆ ಬಂತು. ಪೂರ್ತಿ ಮುಗಿದದ್ದು ಆಗಸ್ಟಿನಲ್ಲಿ.

ಮೊದಲು ಹಳೆಯ ಕಾಯಿಲೆ

ಟೈರಿಗೆ ಒತ್ತಿಕೊಂಡು ತಿರುಗುವ ಈ ಬಾಟಲಿ ಡೈನಮೋಗಳ ಲೆಕ್ಕ ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ಮುಂದಿನ ಬಲ್ಬಿಗೆ 2.4, ಹಿಂದಿನ ಕೆಂಪು ದೀಪಕ್ಕೆ 0.6. ಕಾಕಾನ ಸೈಕಲ್ಲಿನಲ್ಲಿ ತಿಂಗಳಿಗೊಂದು ಬಲ್ಬು ಸುಡುತ್ತಿತ್ತು. ಬಲ್ಬಿನ ಗುಣಮಟ್ಟವೇ ಕೆಟ್ಟಿದೆ ಎಂದು ಅವರು ಬೈದುಕೊಳ್ಳುತ್ತಿದ್ದರು. ನೋಡಿದರೆ ಹಿಂದಿನ ದೀಪದ ತಂತಿ ಎಂದೋ ಹರಿದಿತ್ತು. ಡೈನಮೋ ವೇಗ ಹಿಡಿದ ಮೇಲೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕರೆಂಟನ್ನು ತಳ್ಳುವ ಜಾತಿಯದು. ಹಿಂದಿನ ಬಲ್ಬು ತನ್ನ ಪಾಲು ತೆಗೆದುಕೊಳ್ಳದಿದ್ದರೆ ಅದೂ ಮುಂದಿನದರ ಮೇಲೆಯೇ ಬೀಳುತ್ತದೆ; ಇಳಿಜಾರಿನಲ್ಲಿ ತಂತು ಕರಗುತ್ತದೆ. ಬಲ್ಬಿನದು ಏನೂ ತಪ್ಪಿರಲಿಲ್ಲ.

ಹಾಗಾದರೆ ಡೈನಮೋದಿಂದಲೇ ಬ್ಯಾಟರಿ ಚಾರ್ಜ್ ಮಾಡಬಾರದೇ ಎಂದು ನನ್ನ ಹಳೆಯ ಶಿಷ್ಯನೊಬ್ಬ ಕೇಳಿದ. ಮಾಡಬಹುದು. ಅದು ಕೊಡುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ನಾಲ್ಕನ್ನು ಸೇತುವೆಯಂತೆ ಜೋಡಿಸಿ ಡಿಸಿ ಮಾಡಿಕೊಂಡು, ಮೇಲೊಂದು ನಿಯಂತ್ರಕ ಕೂರಿಸಬೇಕು. ಆದರೆ ಹತ್ತು ಮಾರಿಗೊಮ್ಮೆ ನಿಲ್ಲುವ ಸೈಕಲ್ಲು ಡೈನಮೋಗೆ ಬೇಕಾದ ವೇಗವನ್ನು ಮುಟ್ಟುವುದೇ ಅಪರೂಪ. ಮೇಲಾಗಿ ಮೂರು ವ್ಯಾಟ್ ಬೆಳಕಿಗೆ ಕಾಲು ಅದರ ಎರಡುಪಟ್ಟಿಗೂ ಹೆಚ್ಚು ದುಡಿಯಬೇಕು. ಅರವತ್ತು ದಾಟಿದ ಮೊಣಕಾಲಿಗೆ ಅದನ್ನು ಹೇರುವ ಮನಸ್ಸಾಗಲಿಲ್ಲ. ಡೈನಮೋ ಅದರ ಜಾಗದಲ್ಲೇ ಇರಲಿ, ತಂತಿ ಮಾತ್ರ ಬಿಚ್ಚೋಣ ಎಂದು ತೀರ್ಮಾನಿಸಿದೆ. ತಂತಿ ಬಿಚ್ಚುವುದು ಕಡ್ಡಾಯವೂ ಹೌದು. ಮೊಮ್ಮಗ ಆಟಕ್ಕೆಂದು ಡೈನಮೋವನ್ನು ಟೈರಿಗೆ ತಾಗಿಸಿದರೆ ಆ ಎಸಿ ನೇರ ಬ್ಯಾಟರಿಗೆ ನುಗ್ಗುತ್ತದೆ.

ನಾನು ಮಾಡಿದ ಮೊದಲ ದೀಪ

ಮನೆಯಲ್ಲಿ ಕೆಟ್ಟ ಲ್ಯಾಪ್‌ಟಾಪ್ ಬ್ಯಾಟರಿಯೊಂದಿತ್ತು. ಒಡೆದರೆ ಒಳಗೆ 18650 ಎಂಬ ಲಿಥಿಯಂ ಸೆಲ್ಲುಗಳು. ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದನ್ನು ಆರಿಸಿ, ಮೂವತ್ತು ರೂಪಾಯಿಯ, 4056 ಸಂಖ್ಯೆಯ ಚಿಪ್ಪಿರುವ ಚಾರ್ಜಿಂಗ್ ಹಲಗೆಗೆ ಜೋಡಿಸಿ, ಬಲ್ಬಿನ ಜಾಗದಲ್ಲಿ ಒಂದು ವ್ಯಾಟಿನ ಬಿಳಿ ಎಲ್‌ಇಡಿಯನ್ನು ಗಾಜಿನ ಕಡೆಗೆ ಮುಖ ಮಾಡಿ ಕೂರಿಸಿದೆ. ಮನೆಯೊಳಗೆ ಹಚ್ಚಿದಾಗ ಕಣ್ಣು ಕೋರೈಸಿತು. ಕಾಕಾ "ಸೂರ್ಯ!" ಎಂದರು. ಹಿಗ್ಗಿದೆ.

ಮರುದಿನ ನಸುಕಿನಲ್ಲಿ ನಾನೂ ಅವರ ಜೊತೆ ಹೋದೆ. ಸೈಕಲ್ಲಿನ ಎದುರಿನ ಗೋಡೆ, ಬೇವಿನ ಮರದ ನೆತ್ತಿ, ಮಹಡಿಯಲ್ಲಿ ಒಣಗಿಸಿದ್ದ ಸೀರೆ, ಎಲ್ಲವೂ ಕಾಣುತ್ತಿದ್ದವು. ರಸ್ತೆಯ ಗುಂಡಿ ಮಾತ್ರ ಕಾಣುತ್ತಿರಲಿಲ್ಲ. ಎದುರು ಬಂದ ಹಾಲಿನವನು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮಿಬ್ಬರಿಗೂ ಸೇರಿಸಿ ಬೈದ.

ತಪ್ಪು ತಿಳಿಯಲು ಡೂಮಿನ ಒಳಗೆ ನೋಡಬೇಕು. ಒಳಗಿರುವುದು ಬರಿಯ ಹೊಳೆಯುವ ಬಟ್ಟಲಲ್ಲ, ಅಳೆದು ಬಾಗಿಸಿದ ಕನ್ನಡಿ. ಹಳೆಯ ಬಲ್ಬಿನ ತಂತು ಸಾಸಿವೆಯಷ್ಟು ಜಾಗದಲ್ಲಿ ಉರಿದು, ಬೆಳಕನ್ನು ಸುತ್ತಲೂ ಚೆಲ್ಲುತ್ತದೆ. ಬಗಲಿಗೆ ಚೆಲ್ಲಿದ್ದು ಬಟ್ಟಲಿಗೆ ಬಡಿದು, ತಿರುಗಿ, ಒಂದೇ ದಿಕ್ಕಿಗೆ ಕೋಲಾಗಿ ಹೊರಡುತ್ತದೆ. ಅದಕ್ಕೆ ತಂತು ಕನ್ನಡಿಯ ನಾಭಿಯಲ್ಲೇ ಇರಬೇಕು. ನನ್ನ ಎಲ್‌ಇಡಿ ಮುಂದಕ್ಕೆ ಮುಖ ಮಾಡಿತ್ತು. ಅದರ ಬಹುಪಾಲು ಬೆಳಕು ಕನ್ನಡಿಯನ್ನು ಮುಟ್ಟದೆ ಗಾಜಿನಿಂದ ಹೊರಗೆ ಹರಡಿಹೋಯಿತು. ಆ 2.4 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಬೆಳಕಿನ ಅಳತೆಯಲ್ಲಿ ಇಪ್ಪತ್ತು ಮೂವತ್ತು ಲ್ಯೂಮೆನ್ ಇದ್ದೀತು. ನಾನು ಅದರ ಮೂರು ಪಟ್ಟು ಸುರಿದು ರಸ್ತೆಯನ್ನು ಅದಕ್ಕಿಂತ ಕತ್ತಲಾಗಿಸಿದ್ದೆ. ಈ ದೀಪ ಮಾಡಿದವರು ತಮ್ಮ ಜಾಣ್ಮೆಯನ್ನು ಕನ್ನಡಿಯಲ್ಲಿ ಇಟ್ಟಿದ್ದರು. ನಾನು ಬ್ಯಾಟರಿಯ ಗುಂಗಿನಲ್ಲಿ ಅದನ್ನು ಗಮನಿಸಲೇ ಇಲ್ಲ.

ಸತ್ತ ಬಲ್ಬಿನ ಬುಡ

ಎರಡನೆಯ ಸಲ ಹಳೆಯ ಸುಟ್ಟ ಬಲ್ಬನ್ನೇ ಹಿಡಿದುಕೊಂಡು ಕುಳಿತೆ. ಬಟ್ಟೆ ಸುತ್ತಿ ಗಾಜು ಒಡೆದು, ಒಳಗಿನ ಅಂಟನ್ನು ದಬ್ಬಳದಿಂದ ಕೆರೆದು ತೆಗೆದರೆ ಉಳಿಯುವುದು ಹತ್ತು ಮಿಲಿಮೀಟರಿನ ಹಿತ್ತಾಳೆಯ ತಿರುಪು ಬುಡ. ಅದರೊಳಗೆ ಕಿರುಬೆರಳಿನ ಉಗುರಿಗಿಂತ ಕಿರಿದಾದ ತಾಮ್ರದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬೆಸುಗೆ ಹಾಕಿದೆ. ಪಟ್ಟಿಯ ಎಡಮಗ್ಗುಲಿಗೊಂದು, ಬಲಮಗ್ಗುಲಿಗೊಂದು ಅಕ್ಕಿಕಾಳಿನಷ್ಟು ಎಲ್‌ಇಡಿ, ಬೆನ್ನಿಗೆ ಬೆನ್ನು ಕೊಟ್ಟಂತೆ. ಈಗ ಬೆಳಕು ತಂತುವಿನಂತೆಯೇ ಬಗಲಿಗೆ ಬೀಳುತ್ತದೆ.

ಆ ಎಲ್‌ಇಡಿಗಳು ಬಂದದ್ದು ಕೆಟ್ಟ ಮನೆಬಲ್ಬಿನಿಂದ. ಒಳಗಿನ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಹತ್ತಾರು ಇರುತ್ತವೆ. ಒಂದು ಸುಟ್ಟರೆ ಸಾಲಿನಲ್ಲಿರುವ ಎಲ್ಲವೂ ಆರುತ್ತವೆ, ಉಳಿದವು ಜೀವಂತ. ಸೋಲ್ಡರಿಂಗ್ ಐರನ್ನಿನಿಂದ ಕೀಳಲು ಹೋದರೆ ಬಿಲ್ಲೆಯೇ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಮೇಲೆ ಬಿಲ್ಲೆಯಿಟ್ಟು ಕಾಯಿಸಿದರೆ ಬೆಸುಗೆ ಒಟ್ಟಿಗೆ ಕರಗುತ್ತದೆ, ಚಿಮುಟದಿಂದ ಹೆಕ್ಕಿಕೊಳ್ಳಬಹುದು. ಮನೆಯವಳು ಆ ಇಸ್ತ್ರಿಯನ್ನು ಆಮೇಲೆ ತನ್ನ ಸೀರೆಗೆ ಮುಟ್ಟಿಸಲಿಲ್ಲ. ಒಂದು ಎಚ್ಚರ: ಇತ್ತೀಚಿನ ಮನೆಬಲ್ಬುಗಳ ಹಲವು ಎಲ್‌ಇಡಿಗಳು ಒಂದೇ ಹೊದಿಕೆಯೊಳಗೆ ಎರಡು ಮೂರು ಚಿಪ್ಪುಗಳನ್ನು ಸರಣಿಯಾಗಿ ಇಟ್ಟುಕೊಂಡಿರುತ್ತವೆ, ಅವು 6 ಅಥವಾ 9 ವೋಲ್ಟ್ ಕೇಳುತ್ತವೆ. ಮೂರು ವೋಲ್ಟಿಗೆ ಉರಿಯುವುದನ್ನೇ ಪರೀಕ್ಷಿಸಿ ಆರಿಸಬೇಕು. ನನಗೆ ಮೂರನೆಯ ಬಲ್ಬಿನಲ್ಲಿ ಸಿಕ್ಕವು.

ಕೂರಿಸುವಾಗಿನ ಸೂಕ್ಷ್ಮ ಇದು. ಎಲ್‌ಇಡಿಯ ಎರಡೂ ತುದಿಗಳು ಅದರ ಬೆನ್ನಿನಲ್ಲಿವೆ. ಪೂರ್ತಿ ಪಟ್ಟಿಯ ಮೇಲೆ ಇಟ್ಟರೆ ಎರಡೂ ತಾಮ್ರಕ್ಕೆ ತಾಗಿ ಶಾರ್ಟ್. ಆದ್ದರಿಂದ ಋಣತುದಿಯನ್ನು ಮಾತ್ರ ಪಟ್ಟಿಗೆ ಅಂಟಿಸಿ, ಧನತುದಿ ಅಂಚಿನಾಚೆ ಚಾಚಿಕೊಳ್ಳುವಂತೆ ಕೂರಿಸಿದೆ. ಚಾಚಿದ ತುದಿಗಳಿಂದ ಕೂದಲೆಳೆಯಂಥ ತಂತಿ ಬುಡದ ಮೂತಿಗೆ. ಭೂತಗನ್ನಡಿ ಹಾಕಿಕೊಂಡು, ಫ್ಯಾನ್ ಆರಿಸಿ, ರಾಯಚೂರಿನ ಮೇ ತಿಂಗಳಿನಲ್ಲಿ! ಬೆವರಿನ ಹನಿಯೊಂದು ಸೋಲ್ಡರಿಂಗ್ ಐರನ್ನಿನ ಮೇಲೆ ಬಿದ್ದು ಚುಯ್ ಎಂದಿತು.

ಹೊಸ ಬಲ್ಬನ್ನೂ ಹಳೆಯ ಬಲ್ಬನ್ನೂ ಪಕ್ಕಪಕ್ಕ ಮಲಗಿಸಿ, ತಂತು ಇದ್ದ ಎತ್ತರಕ್ಕೇ ಎಲ್‌ಇಡಿಯ ನಡು ಬರುವಂತೆ ಪಟ್ಟಿ ಕತ್ತರಿಸಿದ್ದೆ. ಆದರೂ ರಾತ್ರಿ ಕಾಂಪೌಂಡ್ ಗೋಡೆಗೆ ಹಿಡಿದಾಗ ಬೆಳಕಿನ ನಡುವೆ ಕಪ್ಪು ಕಣ್ಣು. ಬಲ್ಬನ್ನು ಅರ್ಧ ಸುತ್ತು ಹೊರಗೆ ತಿರುಗಿಸಿದೆ, ಕಣ್ಣು ಕಿರಿದಾಯಿತು. ಇನ್ನು ಕಾಲು ಸುತ್ತು. ಚೆದುರಿದ್ದ ಬೆಳಕು ಒಮ್ಮೆಲೇ ಒಟ್ಟುಗೂಡಿ ಮೊರದಷ್ಟು ಅಗಲದ ಒಂದು ಮಚ್ಚೆಯಾಗಿ ನಿಂತಿತು. ಮೇಲೆ ಕೆಳಗೆ ಪಟ್ಟಿಯ ನೆರಳಿನಿಂದ ತುಸು ಮಬ್ಬು, ಅಷ್ಟೇ. ಸುಮಾರು ಒಂದು ಮಿಲಿಮೀಟರಿನ ಸರಿದಾಟ ಇಷ್ಟು ಮಾಡಿತ್ತು.

ಕನ್ನಡಿಯನ್ನು ಉಜ್ಜಬೇಕೇ? ಗಂಜ್ ಮಾರುಕಟ್ಟೆಯ ಹತ್ತಿರದ ಸೈಕಲ್ ರಿಪೇರಿ ಚಾಚಾ "ಕೊಡಿ, ಬಫ್ ಹೊಡೆದು ಕೊಡುತ್ತೇನೆ, ಹೊಸದಾಗುತ್ತದೆ" ಎಂದರು. ಬೇಡವೆಂದೆ. ಹಿತ್ತಾಳೆಯ ಮೇಲಿನ ಬೆಳ್ಳಿಯ ಲೇಪ ಬಲು ತೆಳುವು. ಈ ಡೂಮಿನಲ್ಲೇ ಸಾಕ್ಷಿ ಇದೆ: ಎಡಗಡೆ ಕೆಳಗೆ ರೂಪಾಯಿಯಗಲ ಹಳದಿ ಕಾಣುತ್ತದೆ. ಎಂದೋ ಒಂದು ಹಬ್ಬಕ್ಕೆ ಮನೆಯ ಹಿತ್ತಾಳೆ ಪಾತ್ರೆಗಳ ಜೊತೆ ಇದನ್ನೂ ಕಾಕಾನ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಂತೆ. ಬೆಳ್ಳಿ ಹೋಗಿ ಬುಡ ಹೊಳೆಯಿತು. ನಾನು ತಣ್ಣೀರಿನಲ್ಲಿ ಅದ್ದಿದ ಹತ್ತಿಯಿಂದ ಧೂಳು ಮಾತ್ರ ಎತ್ತಿದೆ.

ಬಿಸಿಲಿನ ಊರಿಗೆ ಯಾವ ಸೆಲ್

ಲ್ಯಾಪ್‌ಟಾಪ್ ಸೆಲ್ಲನ್ನು ಕೈಬಿಡಲು ಎರಡು ಕಾರಣ. ಮೊದಲನೆಯದು, ಅದರ ಮೈಮೇಲಿನ ಬರಹಕ್ಕೂ ಒಳಗಿನ ಸತ್ವಕ್ಕೂ ಸಂಬಂಧವಿರಲಿಲ್ಲ; ಅರ್ಧಕ್ಕಿಂತ ಕಡಿಮೆ ಹೊತ್ತು ಬಂತು. ಎರಡನೆಯದು ಬಿಸಿಲು. ಏಪ್ರಿಲ್-ಮೇಯಲ್ಲಿ ನಮ್ಮಲ್ಲಿ 42 ಡಿಗ್ರಿ ಯಾರಿಗೂ ಸುದ್ದಿಯಲ್ಲ. ಬಿಸಿಲಿಗೆ ನಿಂತ ಸೈಕಲ್ಲಿನ ಡೂಮಿನೊಳಗೆ ಒಂದು ಮಧ್ಯಾಹ್ನ ಥರ್ಮಾಮೀಟರ್ ಇಟ್ಟೆ: 58. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಡೂಮಿನೊಳಗೆ ಬ್ಯಾಟರಿ ಎಂಬ ನನ್ನ ಯೋಜನೆ ಅಲ್ಲಿಗೆ ಮುಗಿಯಿತು.

ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಶಿಷ್ಯನ ನೆನಪಾಯಿತು. ಗಣಿ ಕಾರ್ಮಿಕರ ತಲೆದೀಪದಲ್ಲಿ ಬೆಳಕು ಹಣೆಯ ಮೇಲೆ, ಬ್ಯಾಟರಿ ಸೊಂಟದ ಪಟ್ಟಿಯಲ್ಲಿ, ನಡುವೆ ಒಂದು ತಂತಿ. ಕಾಕಾನ ಸೀಟಿನ ಹಿಂದೆ ಪಂಕ್ಚರ್ ಸಾಮಾನಿನ ತೊಗಲಿನ ಚೀಲ ತೂಗುತ್ತಿತ್ತು. ಸೆಲ್ಲು ಅಲ್ಲಿಗೆ ಹೋಯಿತು, ಅದೂ ಕೊಕ್ಕೆಯಿಂದ ಕಳಚಿ ಜೇಬಿಗಿಟ್ಟುಕೊಂಡು ಮನೆಯೊಳಗೆ ಒಯ್ಯುವಂತೆ. ಚಾರ್ಜಿಂಗ್ ತಂಪು ಹೊತ್ತಿನಲ್ಲಿ, ನೆರಳಿನಲ್ಲಿ, ಕಣ್ಣೆದುರು.

ಸೆಲ್ಲು ಈಗ ಲಿಥಿಯಂ ಐರನ್ ಫಾಸ್ಫೇಟ್. ಗಾತ್ರ ಅದೇ 18650, ವೋಲ್ಟು ಮಾತ್ರ 3.2, ಧಾರಣೆ 1500 ಮಿಲಿಆಂಪ್ ಗಂಟೆ. ಸಾಮಾನ್ಯ ಲಿಥಿಯಂ ಸೆಲ್ಲಿಗಿಂತ ಕಡಿಮೆ ಹಿಡಿಯುತ್ತದೆ ಎಂದು ಹುಡುಗರು ಮೂಗು ಮುರಿಯುತ್ತಾರೆ. ಆದರೆ ಇದರ ಫಾಸ್ಫೇಟ್ ಬಂಧ ಬಿಸಿಗೆ ಸುಲಭವಾಗಿ ಆಮ್ಲಜನಕ ಬಿಟ್ಟುಕೊಡುವುದಿಲ್ಲ, ಹಾಗಾಗಿ ಹೊತ್ತಿಕೊಳ್ಳುವ ಭಯ ಬಹಳ ಕಡಿಮೆ. ಇನ್ನೊಂದು ಗುಣ ನನಗೆ ಹೆಚ್ಚು ಹಿಡಿಸಿತು: ತುಂಬಿದಾಗಿನಿಂದ ಬರಿದಾಗುವ ಅಂಚಿನವರೆಗೂ ಇದರ ವೋಲ್ಟು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಬಿಳಿ ಎಲ್‌ಇಡಿಗೆ ಬೇಕಾದದ್ದು ಮೂರು ವೋಲ್ಟಿನ ಆಸುಪಾಸು. ನಡುವೆ ಕರೆಂಟಿಗೆ ಲಗಾಮು ಹಾಕಲು ಒಂದು ಓಮ್ ರೆಸಿಸ್ಟರ್ ಸಾಕಾಯಿತು. ಹರಿಯುವ ಕರೆಂಟು ಸುಮಾರು 200 ಮಿಲಿಆಂಪ್. ಲೆಕ್ಕಕ್ಕೆ ಏಳು ಗಂಟೆ. ಕಾಕಾಗೆ ದಿನಕ್ಕೆ ಎರಡೂವರೆ ಸಾಕು.

ಚಾರ್ಜಿಂಗ್ ಹಲಗೆಯಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಊರಿನ ಅಂಗಡಿಗಳಲ್ಲಿ ಸಿಗುವ 4056 ಹಲಗೆ 4.2 ವೋಲ್ಟಿಗೆ ನಿಲ್ಲುತ್ತದೆ. ಈ ಸೆಲ್ಲು 3.6ರ ಹತ್ತಿರವೇ ತುಂಬಿರುತ್ತದೆ. ಅಂಗಡಿಯವನು "ಎಲ್ಲ ಲಿಥಿಯಂ ಒಂದೇ, ನಡೆಯುತ್ತದೆ" ಎಂದ, ನಡೆಯುವುದಿಲ್ಲ. 5000 ಸಂಖ್ಯೆಯ ಚಿಪ್ಪಿನ ಬೇರೆ ಹಲಗೆ ತರಿಸಿದೆ. ಅದರಲ್ಲಿ 3.6 ಮತ್ತು 4.2 ಎರಡೂ ಉಂಟು, ಎರಡು ಬಿಂದುಗಳನ್ನು ಸೇರಿಸುವ ಒಂದು ಪುಟ್ಟ ಜಂಪರ್ ಅದನ್ನು ತೀರ್ಮಾನಿಸುತ್ತದೆ. ಸೆಲ್ಲು ಹಾಕುವ ಮೊದಲೇ ಮೀಟರ್ ಹಿಡಿದು ನೋಡಿಕೊಂಡೆ. ಇನ್ನು ಮೊಮ್ಮಗನ ಹಳೆಯ ಮೊಬೈಲ್ ಚಾರ್ಜರ್ ಸಾಕು.

ಕಳೆದುಹೋದ 0.3 ವೋಲ್ಟ್

ಎಲ್ಲ ಸೇರಿಸಿ ಹಚ್ಚಿದರೆ ದೀಪ ಮಂಕು. ಮೇಜಿನ ಮೇಲೆ ಚೆನ್ನಾಗಿದ್ದದ್ದು ಸೈಕಲ್ಲಿನ ಮೇಲೆ ಮಂಕು, ಹ್ಯಾಂಡಲ್ ತಿರುಗಿಸಿದರೆ ಕಣ್ಣು ಮಿಟುಕಿಸುತ್ತದೆ. ಸೆಲ್ಲಿನಲ್ಲಿ 3.28 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 2.95. ಹಾದಿಯಲ್ಲಿ ಒಂದು ವೋಲ್ಟಿನ ಮೂರನೆಯ ಒಂದು ಭಾಗವನ್ನು ಯಾರೋ ತಿನ್ನುತ್ತಿದ್ದಾರೆ.

ಡೈನಮೋ ಸೈಕಲ್ಲುಗಳಲ್ಲಿ ದೀಪಕ್ಕೆ ಹೋಗುವುದು ಒಂದೇ ತಂತಿ. ಮರಳುವ ಹಾದಿ ಸೈಕಲ್ಲಿನ ಚೌಕಟ್ಟು. ಆ ಹಾದಿ ಫೋರ್ಕಿನಿಂದ ಚೌಕಟ್ಟಿಗೆ ದಾಟುವುದು ಹ್ಯಾಂಡಲ್ ಬುಡದ ಬೇರಿಂಗ್ ಗುಂಡುಗಳ ಮೂಲಕ, ಅಂದರೆ ಗ್ರೀಸು, ತುಕ್ಕು ಮತ್ತು ದೈವದ ಮೂಲಕ. ಆರು ವೋಲ್ಟಿನ ಡೈನಮೋ ಆ ನಷ್ಟವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನನ್ನ 3.2 ವೋಲ್ಟಿಗೆ ಅದೇ ಆಸ್ತಿ. ಎರಡನೆಯ ತಂತಿಯನ್ನು ಮೊದಲನೆಯದರ ಬೆನ್ನಿಗೇ ಎಳೆದೆ. ಡೂಮಿನ ಸ್ವಿಚ್ಚು ಬಿಚ್ಚಿ ತಾಮ್ರದ ನಾಲಿಗೆಯನ್ನು ಪೆನ್ನಿನ ರಬ್ಬರಿನಿಂದ ಉಜ್ಜಿದೆ, ಹಸಿರು ಬಿಟ್ಟಿತು. ಸೆಲ್ಲಿನ ಹೋಲ್ಡರ್ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಸಂಪರ್ಕ ತಪ್ಪುತ್ತಿತ್ತು. ಹಳೆಯ ಟ್ಯೂಬಿನ ಗೇಣುದ್ದದ ತುಂಡನ್ನು ಅದರ ಮೇಲೆ ಕಾಲುಚೀಲದಂತೆ ತೊಡಿಸಿದೆ. ನೀರಿಗೂ ಅದೇ ರಕ್ಷಣೆ. ಸೆಲ್ಲಿನ ಪಕ್ಕದಲ್ಲೇ ಒಂದು ಆಂಪಿನ ಫ್ಯೂಸು. ಈಗ ನಷ್ಟ 0.05.

ಕೆಂಪು ದೀಪ ಕೊಟ್ಟ ಏಟು

ಹಿಂದಿನ ದೀಪಕ್ಕೆ ಒಂದು ಸಾಮಾನ್ಯ ಕೆಂಪು ಎಲ್‌ಇಡಿ, 68 ಓಮ್ ರೆಸಿಸ್ಟರ್ ಹಾಕಿ ಅದೇ ಸ್ವಿಚ್ಚಿಗೆ ಸೇರಿಸಿದ್ದೆ. 20 ಮಿಲಿಆಂಪಿನ ಕೂಲಿ, ಯಾವ ಲೆಕ್ಕ ಎಂದುಕೊಂಡಿದ್ದೆ. ಸೆಲ್ಲು ಬರಿದಾಗುತ್ತ ಬಂದಂತೆ ಬಿಳಿ ಎಲ್‌ಇಡಿಗಳು 2.6 ವೋಲ್ಟಿನ ಹತ್ತಿರ ತಾವಾಗಿಯೇ ಆರುತ್ತವೆ, ಹಾಗಾಗಿ ಬೇರೆ ಕಾವಲು ಬೇಡ ಎಂಬುದು ನನ್ನ ವಾದ. ಐಟಿಐಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ನಾನೇ ಅಂಕ ಕತ್ತರಿಸುತ್ತಿದ್ದೆ.

ಆಗಸ್ಟ್ 15ರ ಬೆಳಿಗ್ಗೆ ಕಾಕಾ ಪತ್ರಿಕೆ ಮುಗಿಸಿ ಬಂದು ಸೈಕಲ್ ನಿಲ್ಲಿಸಿದರು. ಬೆಳಕಾಗಿದ್ದರಿಂದ ದೀಪ ಉರಿಯುತ್ತಿದ್ದದ್ದು ಕಾಣಲಿಲ್ಲ. 16ಕ್ಕೆ ಪತ್ರಿಕೆ ಇಲ್ಲ. 17ರ ನಸುಕಿಗೆ ನೋಡಿದರೆ ಎಲ್ಲ ಸತ್ತಿದೆ. ಮೀಟರ್ 1.7 ತೋರಿಸಿತು. ಬಿಳಿ ದೀಪಗಳು ಹೇಳಿದ ಜಾಗದಲ್ಲೇ ನಿಂತಿದ್ದವು. ಎರಡು ವೋಲ್ಟಿಗೂ ಕೆಳಗೆ ಮಿಣುಕುವ ಕೆಂಪು ಎಲ್‌ಇಡಿ ಉಳಿದದ್ದನ್ನೆಲ್ಲ ಹನಿಹನಿಯಾಗಿ ಹೀರಿತ್ತು. ಸೆಲ್ಲು ಮತ್ತೆ ಚಾರ್ಜೇನೋ ಆಯಿತು, ಆದರೆ ಒಂದೇ ಬೆಳಗಿಗೆ ಸುಸ್ತಾಯಿತು. ಅದನ್ನು ಬದಲಿಸಿ, ಈ ಜಾತಿಯ ಸೆಲ್ಲಿಗೆಂದೇ ಇರುವ ರಕ್ಷಣಾ ಹಲಗೆಯನ್ನು ಹಾಕಿದೆ. ವೋಲ್ಟು ಎರಡು ಚಿಲ್ಲರೆಗೆ ಇಳಿದರೆ ಅದೇ ಸಂಪರ್ಕ ಕಡಿಯುತ್ತದೆ. ಹೊಸ ಸೆಲ್ಲಿನ ದುಡ್ಡು ಕಾಕಾ ಕೊಡಲು ಬಂದರು. ತಪ್ಪು ನನ್ನದಾದ್ದರಿಂದ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ತಟ್ಟೆ ಮಂಡಾಳ ಒಗ್ಗರಣೆ, ನಾಲ್ಕು ಮಿರ್ಚಿ ಬಂತು.

ಈಗಿನ ಸ್ಥಿತಿ

ಎರಡು ದಿನಕ್ಕೊಮ್ಮೆ ಚಾರ್ಜ್. ಮಳೆಗಾಲ ಕಳೆಯಿತು, ಒಮ್ಮೆಯೂ ನೀರಿಳಿದಿಲ್ಲ. ಡೂಮಿಗೆ ತೂತಿಲ್ಲ, ಹಳೆಯ 2.4 ವ್ಯಾಟಿನ ಬಲ್ಬೊಂದು ಹತ್ತಿಯಲ್ಲಿ ಸುತ್ತಿ ತೊಗಲಿನ ಚೀಲದಲ್ಲೇ ಇದೆ, ಡೈನಮೋ ತಂತಿಯ ತುದಿಗೆ ಟೇಪು ಸುತ್ತಿ ಫೋರ್ಕಿಗೆ ಕಟ್ಟಿದ್ದೇನೆ. ಹತ್ತು ನಿಮಿಷದಲ್ಲಿ ಮೊದಲಿದ್ದಂತೆ ಮಾಡಬಹುದು.

ಕಾಕಾಗೆ ಒಂದು ಅಸಮಾಧಾನ ಉಳಿದಿದೆ. ಬೆಳಕು ತೀರಾ ಬಿಳುಪಂತೆ. ಅಪ್ಪನ ಕಾಲದ್ದು ಅರಿಶಿನದ ಹಾಗಿತ್ತಂತೆ. ಹಳದಿ ಛಾಯೆಯ ಎಲ್‌ಇಡಿ ಇರುವ ಕೆಟ್ಟ ಬಲ್ಬಿಗಾಗಿ ಓಣಿಯವರಿಗೆಲ್ಲ ಹೇಳಿಟ್ಟಿದ್ದೇನೆ. ಇಸ್ತ್ರಿ ಪೆಟ್ಟಿಗೆ ಹೇಗೂ ನನ್ನದೇ ಆಗಿದೆ.